ಹಲ್ಲಿನ ಬಿಳುಪಿಗೆ ಇದ್ದಿಲು ಪೇಸ್ಟ್: ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಕಪ್ಪು ಬಣ್ಣದ ಟೂತ್‌ಪೇಸ್ಟಿನ ವಿಚಾರ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಎರಡು ಸಾಲು ಬರೆಯುವುದಕ್ಕಿಂತ ಒಂದು ಸಂಚಿಕೆಯನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಡುವುದು ಒಳ್ಳೆಯದೆಂದು ತೋರಿತು. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ, ಊರಿನ ಹೆಸರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ನನಗೆ 24 ವರ್ಷ. ಬರುವ ಮಾಘದಲ್ಲಿ ಮದುವೆ ನಿಶ್ಚಯವಾಗಿದೆ. ನನ್ನ ಹಲ್ಲು ಸ್ವಲ್ಪ ಹಳದಿ ಎಂಬ ಅಳುಕು ಕಾಲೇಜಿನ ದಿನಗಳಿಂದಲೂ ಇದೆ. ಮೊಬೈಲಿನಲ್ಲಿ ರೀಲ್ಸ್ ನೋಡಿ ಆಕ್ಟಿವೇಟೆಡ್ ಚಾರ್‌ಕೋಲ್ (ಸಂಸ್ಕರಿಸಿದ ಇದ್ದಿಲು) ಇರುವ ಪೇಸ್ಟನ್ನು ತರಿಸಿಕೊಂಡು ಎರಡು ತಿಂಗಳಿಂದ ದಿನಕ್ಕೆ ಎರಡು ಸಲ ಉಜ್ಜುತ್ತಿದ್ದೇನೆ. ಮೊದಲ ವಾರ ಹಲ್ಲು ನಿಜವಾಗಿಯೂ ಬೆಳ್ಳಗಾದಂತೆ ಕಂಡಿತು. ಆಮೇಲೆ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ಈಗ ತಣ್ಣೀರು ಕುಡಿದರೆ ಮುಂದಿನ ಹಲ್ಲು ಜುಮ್ ಎನ್ನುತ್ತದೆ. ಅಮ್ಮ ಇದನ್ನು ಬಿಡು ಎನ್ನುತ್ತಾರೆ. ಅಜ್ಜಿ ಮಾತ್ರ, ನಾವು ಹುಟ್ಟಿದಾಗಿನಿಂದ ಒಲೆಯ ಇದ್ದಿಲಿನಲ್ಲೇ ಹಲ್ಲುಜ್ಜಿದವರು, ನಮಗೇನಾಯಿತು ಎಂದು ಕೇಳುತ್ತಾರೆ. ಈ ಪೇಸ್ಟ್ ಸುರಕ್ಷಿತವೇ? ಮುಂದುವರಿಸಬಹುದೇ? (ದಾವಣಗೆರೆ)

ಉತ್ತರ: ಮೊದಲು ಮಾಡಬೇಕಾದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿನಿಂದಲೇ ಆ ಪೇಸ್ಟನ್ನು ನಿಲ್ಲಿಸಿ, ಹುಳುಕು ಹಿಡಿಯದಂತೆ ಹಲ್ಲನ್ನು ಕಾಯುವ ಫ್ಲೋರೈಡ್ ಇರುವ ಸಾಮಾನ್ಯ ಪೇಸ್ಟಿಗೆ, ಅದರಲ್ಲೂ ಜುಮ್ ಎನ್ನುವ ಹಲ್ಲಿಗೆಂದೇ ಬರುವ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಿಗೆ ಬದಲಾಯಿಸಿಕೊಳ್ಳಿ. ಅದರ ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಆದರೂ ಒಂದು ಸಲ ದಂತವೈದ್ಯರಿಗೆ ತೋರಿಸಿ, ಏಕೆಂದರೆ ಹುಳುಕು ಹಿಡಿದ ಹಲ್ಲೂ, ಬಿರುಕು ಬಿಟ್ಟ ಹಲ್ಲೂ ಹೀಗೆಯೇ ಜುಮ್ ಎನ್ನುತ್ತವೆ. ಕಾರಣ ಪೇಸ್ಟೇ ಎಂದು ಪತ್ರದಲ್ಲಿ ಕುಳಿತು ತೀರ್ಮಾನಿಸುವುದು ಸರಿಯಲ್ಲ.

ಇನ್ನು ಇದ್ದಿಲಿನ ಬಗ್ಗೆ. ತೆಂಗಿನ ಚಿಪ್ಪು ಅಥವಾ ಮರವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದನ್ನು ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆಗೆ ಒಡ್ಡಿದಾಗ ಅದರೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳು ತೆರೆದುಕೊಳ್ಳುತ್ತವೆ. ಹೀಗೆ ಸಿದ್ಧವಾದ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನ ಆಸುಪಾಸು, ಅಂದರೆ ನಮ್ಮ ಲೆಕ್ಕದ ಮೂವತ್ತು-ನಲವತ್ತರ ಒಂಬತ್ತು ಸೈಟುಗಳಷ್ಟು ಜಾಗವಾಗುತ್ತದೆ. ದ್ರವದಲ್ಲಿ ಕರಗಿರುವ ಅನೇಕ ವಸ್ತುಗಳು ಈ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ಇದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಲೊವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ 1785ರಲ್ಲಿಯೇ ಇದ್ದಿಲು ದ್ರಾವಣದ ಕಂದು ಬಣ್ಣವನ್ನು ಹೀರುವುದನ್ನು ತೋರಿಸಿದ್ದ. ಮುಂದೆ ಸಕ್ಕರೆ ಕಾರ್ಖಾನೆಗಳಲ್ಲಿ ಪಾಕದ ಬಣ್ಣ ತೆಗೆಯಲು ಈ ಗುಣವೇ ನೆರವಾಯಿತು. ಇಂದಿಗೂ ನೀರಿನ ಫಿಲ್ಟರಿನಲ್ಲಿ, ಆಸ್ಪತ್ರೆಯಲ್ಲಿ ಕೆಲವು ಬಗೆಯ ವಿಷ ಸೇವಿಸಿದವರ ಚಿಕಿತ್ಸೆಯಲ್ಲಿ ಇದು ಬಳಕೆಯಲ್ಲಿದೆ.

ಪೇಸ್ಟ್ ಮಾರುವವರು ಈ ಸತ್ಯವನ್ನೇ ಹಿಡಿದುಕೊಂಡು, ಹಾಗೆಯೇ ಹಲ್ಲಿನ ಬಣ್ಣವನ್ನೂ ಇದ್ದಿಲು ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಇಲ್ಲಿಯೇ ಮಾತು ದಾರಿ ತಪ್ಪುತ್ತದೆ. ಪಾಕದಲ್ಲಿ ಬಣ್ಣ ಕರಗಿರುತ್ತದೆ, ಇದ್ದಿಲಿನೊಂದಿಗೆ ಅದು ಬಹಳ ಹೊತ್ತು ಬೆರೆತಿರುತ್ತದೆ. ಹಲ್ಲಿನ ಮೇಲಿನ ಚಹಾ-ಕಾಫಿಯ ಕಲೆ ಕರಗಿರುವುದಲ್ಲ; ಜೊಲ್ಲಿನ ಪ್ರೋಟೀನುಗಳಿಂದ ಹಲ್ಲಿನ ಮೈಮೇಲೆ ಸದಾ ಕಟ್ಟುವ ತೆಳುಪೊರೆಯಲ್ಲಿ ಅದು ಭದ್ರವಾಗಿ ಕೂತಿರುತ್ತದೆ. ನಾವು ಉಜ್ಜುವುದು ಎರಡು ನಿಮಿಷ. ಅಷ್ಟೇ ಅಲ್ಲದೆ, ಪೇಸ್ಟಿನ ಟ್ಯೂಬಿನೊಳಗೆ ತಿಂಗಳುಗಟ್ಟಲೆ ಸಾಬೂನಿನಂಶ, ಸುವಾಸನೆಯ ಎಣ್ಣೆ, ಸಿಹಿಕಾರಕಗಳ ನಡುವೆ ಕುಳಿತಿರುವ ಇದ್ದಿಲಿನ ರಂಧ್ರಗಳು ಹಲ್ಲಿಗೆ ತಲುಪುವ ಮೊದಲೇ ಅವುಗಳಿಂದ ತುಂಬಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮ್ಮ ಹಲ್ಲಿನ ಮೇಲೆ ಆದದ್ದು ಹೀರುವ ಕೆಲಸವಲ್ಲ, ಉಜ್ಜಿ ತೆಗೆಯುವ ಕೆಲಸ. ಮೊದಲ ವಾರ ಕಂಡ ಬಿಳುಪು ಸುಳ್ಳೇನಲ್ಲ: ಮೇಲ್ಮೈಯ ಕಲೆ ಹೋಗಿದೆ. ಹೋಗಬೇಕಾದದ್ದು ಹೋದ ಮೇಲೆ ಉಜ್ಜಲು ಉಳಿದದ್ದು ಹಲ್ಲು ಮಾತ್ರ. ಎರಡನೆಯ ವಾರದಿಂದ ಬದಲಾವಣೆ ನಿಂತುಹೋದದ್ದು ಇದೇ ಕಾರಣಕ್ಕೆ.

ಹಲ್ಲು ಹಳದಿಯಾಗಿ ಕಾಣುವುದು ಏಕೆ ಎಂಬುದನ್ನೂ ತಿಳಿದಿರಬೇಕು. ಹಲ್ಲಿನ ಹೊರಗವಚವಾದ ಎನಾಮೆಲ್ ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಎಂಬ ಪದರದ ಸಹಜ ಬಣ್ಣವೇ ಹಳದಿ. ಹಾಲುಹಲ್ಲುಗಳ ಬಿಳುಪು ದೊಡ್ಡವರ ಹಲ್ಲಿಗೆ ಇರುವುದಿಲ್ಲ, ವಯಸ್ಸಾದಂತೆ ಹಳದಿ ಇನ್ನಷ್ಟು ಗಾಢವಾಗುತ್ತದೆ, ಕೋರೆಹಲ್ಲು ಪಕ್ಕದ ಹಲ್ಲಿಗಿಂತ ಒಂದು ಛಾಯೆ ಹಳದಿಯಾಗಿಯೇ ಇರುತ್ತದೆ. ಇದ್ಯಾವುದೂ ರೋಗವಲ್ಲ. ರೀಲ್ಸ್‌ನಲ್ಲಿ ಕಾಣುವ ಹಾಲಿನಂಥ ಬಿಳುಪು ಬಹಳ ಸಲ ಬೆಳಕು, ಫಿಲ್ಟರ್ ಅಥವಾ ಹಲ್ಲಿಗೆ ಅಂಟಿಸಿದ ಪಿಂಗಾಣಿ ಪದರದಿಂದ ಬಂದದ್ದಾಗಿರುತ್ತದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ನಿಮ್ಮ ಆರೋಗ್ಯವಂತ ಹಲ್ಲನ್ನು ಕುಂದೆಂದು ಎಣಿಸಬೇಡಿ. ಹಳದಿ ಹೋಗಲೆಂದು ಎನಾಮೆಲನ್ನು ಸವೆಸುತ್ತಾ ಹೋದರೆ ಕೆಳಗಿನ ಹಳದಿ ಇನ್ನೂ ಚೆನ್ನಾಗಿ ತೋರುತ್ತದೆ. ಎನಾಮೆಲಿನ ತೂಕದಲ್ಲಿ ನೂರಕ್ಕೆ ಸುಮಾರು 96ರಷ್ಟು ಖನಿಜವೇ ಇರುವುದರಿಂದ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೆ ನಾಶವಾಗಿರುತ್ತವೆ. ಚರ್ಮ ಗೀರಿದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಸವೆದ ಎನಾಮೆಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಅಗಿಯುವ ಹಲ್ಲಿನ ತುದಿಯಲ್ಲಿ ಎರಡೂವರೆ ಮಿಲಿಮೀಟರಿನಷ್ಟು ದಪ್ಪವಿರುವ ಈ ಕವಚ ವಸಡಿನ ಬಳಿ ಬರುಬರುತ್ತಾ ತೆಳುವಾಗಿ ಮುಗಿದೇಹೋಗುತ್ತದೆ. ತಣ್ಣೀರು ತಾಗಿದಾಗ ಜುಮ್ ಎನ್ನುವುದು ಸಾಮಾನ್ಯವಾಗಿ ಅಲ್ಲಿಯೇ.

ಎಲ್ಲ ಇದ್ದಿಲು ಪೇಸ್ಟೂ ಒಂದೇ ಸಮನೆ ಸವೆಸುತ್ತದೆ ಎಂದರೆ ಅನ್ಯಾಯದ ಮಾತಾಗುತ್ತದೆ. ಪೇಸ್ಟಿನ ಸವೆಸುವ ಶಕ್ತಿಯನ್ನು ಅಳೆಯಲು ಒಂದು ಪದ್ಧತಿ ಇದೆ. ಕಿತ್ತ ಹಲ್ಲುಗಳ ಡೆಂಟಿನ್ನನ್ನು ವಿಕಿರಣಕ್ಕೆ ಒಡ್ಡಿ, ಯಂತ್ರದ ಬ್ರಷ್‌ನಿಂದ ಪೇಸ್ಟ್ ಹಾಕಿ ಉಜ್ಜಿ, ತೊಳೆದ ನೀರಿನಲ್ಲಿ ಎಷ್ಟು ವಿಕಿರಣಶೀಲ ಪುಡಿ ಬಂದಿದೆ ಎಂದು ನೋಡುತ್ತಾರೆ. ಮಾದರಿ ಪುಡಿಯೊಂದರ ಸವೆತವನ್ನು 100 ಎಂದಿಟ್ಟುಕೊಂಡು ಉಳಿದವಕ್ಕೆ ಅಂಕ ಕೊಡಲಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 250 ಗರಿಷ್ಠ ಮಿತಿ. ಇದ್ದಿಲು ಪೇಸ್ಟುಗಳಲ್ಲಿ ಕೆಲವು ಸೌಮ್ಯವಾಗಿವೆ, ಕೆಲವು ಸಾಕಷ್ಟು ಒರಟಾಗಿವೆ. ಕಣದ ಗಾತ್ರ, ಅದರಲ್ಲಿ ಉಳಿದ ಬೂದಿಯ ಅಂಶ, ಜೊತೆಗೆ ಸೇರಿಸಿದ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಎಲ್ಲವೂ ಸೇರಿ ಇದು ನಿರ್ಧಾರವಾಗುತ್ತದೆ. ತೊಂದರೆ ಏನೆಂದರೆ, ನಮ್ಮ ಅಂಗಡಿಗಳಲ್ಲಿ ಸಿಗುವ ಟ್ಯೂಬುಗಳ ಮೇಲೆ ಈ ಅಂಕವನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಕೊಳ್ಳುವವರಿಗೆ ಯಾವುದು ಸೌಮ್ಯ, ಯಾವುದು ಒರಟು ಎಂದು ತಿಳಿಯುವ ದಾರಿಯೇ ಇಲ್ಲ. ಪ್ರಯೋಗಾಲಯದ ಹಲವು ಪರೀಕ್ಷೆಗಳಲ್ಲಿ ಇದ್ದಿಲಿನಿಂದ ಉಜ್ಜಿದ ಎನಾಮೆಲಿನ ಮೇಲ್ಮೈ ಹೆಚ್ಚು ಒರಟಾಗಿದ್ದು ಕಂಡುಬಂದಿದೆ. ಒರಟಾದ ಹಲ್ಲಿಗೆ ಕಾಫಿಯ ಕಲೆ ಬೇಗ ಹಿಡಿಯುತ್ತದೆ, ಕಲೆ ಹಿಡಿದಾಗ ಮತ್ತೆ ಇನ್ನಷ್ಟು ಉಜ್ಜುವ ಮನಸ್ಸಾಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವ ವಿಷಯ ಫ್ಲೋರೈಡಿನ ಕೊರತೆ. ಲಂಡನ್ನಿನ ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ 2019ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ 50 ಇದ್ದಿಲು ಪೇಸ್ಟುಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಶೇಕಡ 8ರಲ್ಲಿ ಮಾತ್ರ ಫ್ಲೋರೈಡ್ ಇತ್ತು. ಅದಕ್ಕೂ ಮೊದಲು, 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ನಿಯತಕಾಲಿಕದಲ್ಲಿ 118 ಲೇಖನಗಳನ್ನು ತೂಗಿ ನೋಡಿದ ವಿಮರ್ಶೆಯೊಂದು ಬಂದಿತ್ತು. ಇದ್ದಿಲು ಪೇಸ್ಟುಗಳ ಸುರಕ್ಷತೆಗಾಗಲಿ ಪ್ರಯೋಜನಕ್ಕಾಗಲಿ ಸಾಕಷ್ಟು ಆಧಾರವಿಲ್ಲ ಎಂಬುದು ಅದರ ತೀರ್ಮಾನ. ನಮ್ಮಲ್ಲಿ ದೊಡ್ಡ ಕಂಪನಿಗಳ ಕೆಲವು ಕಪ್ಪು ಪೇಸ್ಟುಗಳಲ್ಲಿ ಫ್ಲೋರೈಡ್ ಇರುತ್ತದೆ. ಆನ್‌ಲೈನಿನಲ್ಲಿ ಡಬ್ಬಿಯಲ್ಲಿ ಬರುವ ಪುಡಿಗಳಲ್ಲಿ ಬಹುತೇಕ ಇರುವುದಿಲ್ಲ. ನಿಮ್ಮ ಟ್ಯೂಬನ್ನು ತಿರುಗಿಸಿ ಓದಿ. ಭಾರತದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮೀರುವಂತಿಲ್ಲ, ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೂ ಪೆಟ್ಟಿಗೆಯ ಮೇಲೂ ಬರೆಯಲೇಬೇಕು. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ಎಂಬ ಹೆಸರು, ಮುಂದೆ ಪಿಪಿಎಂ ಅಂಕಿ ಕಾಣದಿದ್ದರೆ ಆ ಪೇಸ್ಟು ಹುಳುಕಿನಿಂದ ನಿಮ್ಮ ಹಲ್ಲನ್ನು ಕಾಯುತ್ತಿಲ್ಲ ಎಂದೇ ತಿಳಿಯಿರಿ. ಫ್ಲೋರೈಡ್ ಇದ್ದರೂ, ಇದ್ದಿಲು ಅದರ ಒಂದಷ್ಟು ಅಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳಬಹುದೆಂಬ ಆತಂಕವನ್ನು ತಜ್ಞರು ವ್ಯಕ್ತಪಡಿಸಿದ್ದಾರೆ.

ಅಜ್ಜಿಯವರ ಮಾತಿಗೂ ಉತ್ತರ ಕೊಡಬೇಕು, ಏಕೆಂದರೆ ಅದನ್ನು ತಳ್ಳಿಹಾಕುವುದು ಸಲ್ಲದು. ಅವರು ಉಜ್ಜಿದ್ದು ಬೆರಳಿನಲ್ಲಿ, ದಿನಕ್ಕೊಮ್ಮೆ. ನೀವು ಉಜ್ಜುತ್ತಿರುವುದು ನೈಲಾನ್ ಬ್ರಷ್‌ನಲ್ಲಿ, ದಿನಕ್ಕೆ ಎರಡು ಸಲ. ಬೆರಳಿನ ಮೆತ್ತನೆಯ ತುದಿ ಒತ್ತಿದಷ್ಟೂ ಹರಡಿಕೊಳ್ಳುತ್ತದೆ, ಬ್ರಷ್‌ನ ಎಳೆಗಳು ಪುಡಿಯನ್ನು ಹಲ್ಲಿನ ಬುಡಕ್ಕೇ ಒಯ್ದು ತಿಕ್ಕುತ್ತವೆ. ಅವರ ಊಟದಲ್ಲಿ ಬಿಸ್ಕತ್ತು, ಚಾಕೊಲೇಟು, ಬಾಟಲಿಯ ಪಾನೀಯಗಳಿರಲಿಲ್ಲ, ಆದ್ದರಿಂದ ಫ್ಲೋರೈಡ್ ಇಲ್ಲದ ಪುಡಿಯಿಂದಲೂ ಒಂದು ಮಟ್ಟಿಗೆ ನಡೆಯಿತು. ಅವರ ತಲೆಮಾರಿನವರ ಬಾಯಿ ತೆರೆಸಿ ನೋಡಿದಾಗ ವಸಡಿನ ಅಂಚಿನಲ್ಲಿ ಆಳವಾದ ಸವೆತ ಎಷ್ಟೋ ಸಲ ಕಂಡಿದ್ದೇನೆ. ಉಗುರಿನ ತುದಿ ಹಾಯಿಸಿದರೆ ಕಚ್ಚಿನೊಳಗೆ ಸಿಕ್ಕಿಕೊಳ್ಳುವಷ್ಟು. ಅಜ್ಜಿಯವರನ್ನೂ ಒಮ್ಮೆ ನಿಮ್ಮ ಜೊತೆಯಲ್ಲೇ ತಪಾಸಣೆಗೆ ಕರೆದುಕೊಂಡು ಹೋಗಿ.

ಮದುವೆಗೆ ಇನ್ನೂ ಸಮಯವಿದೆ. ಜುಮ್ ಎನ್ನುವುದು ಪೂರ್ತಿ ನಿಂತ ಮೇಲೆ ಮಾತ್ರ ಬಿಳುಪಿನ ಚಿಕಿತ್ಸೆಯ ಯೋಚನೆ ಮಾಡಿ. ಅದರ ವಿವರವನ್ನು ಕೊನೆಯ ಉತ್ತರದಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ನಮ್ಮ ಮಕ್ಕಳಲ್ಲಿ ಅನೇಕರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಹೆಣ್ಣುಮಕ್ಕಳಂತೂ ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಕೆಲವು ಪೋಷಕರು ಸಂತೆಯಲ್ಲಿ ಸಿಗುವ ಇದ್ದಿಲು ಪುಡಿಯನ್ನು ತಂದು ಮಕ್ಕಳಿಗೆ ಉಜ್ಜಿಸುತ್ತಿದ್ದಾರೆ. ಇದರಿಂದ ಪ್ರಯೋಜನವಿದೆಯೇ? (ಪಾವಗಡ)

ಉತ್ತರ: ದಯವಿಟ್ಟು ನಿಲ್ಲಿಸಲು ಹೇಳಿ, ಮೇಷ್ಟ್ರೇ. ಆ ಕಂದು ಪಟ್ಟೆ ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದಾಗ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಹೊತ್ತಿನಲ್ಲಿಯೇ ಎನಾಮೆಲಿನ ಕಟ್ಟಡ ಸಡಿಲವಾಗಿ, ಹಲ್ಲು ಹೊರಬಂದ ಮೇಲೆ ಆ ಸಡಿಲವಾದ ಭಾಗ ಬಣ್ಣ ಹಿಡಿಯುತ್ತದೆ. ಮುಂದಿನ ಹಲ್ಲುಗಳಿಗೆ ಈ ಹಾನಿ ತಗಲುವುದು ಮಗುವಿಗೆ ಎಂಟು ವರ್ಷ ತುಂಬುವುದರೊಳಗೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ವರೆಗೆ ಒಪ್ಪಬಹುದು. ನಿಮ್ಮ ತಾಲ್ಲೂಕಿನ, ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳವಾದ ಕೊಳವೆಬಾವಿಗಳಲ್ಲಿ ಅದನ್ನು ಮೀರಿದ ನೀರು ಬರುವುದು ಹಳೆಯ ಸಂಕಟ. ಇಂಥ ಕಲೆಯನ್ನು ಇದ್ದಿಲಿನಿಂದ ಎಷ್ಟು ತಿಕ್ಕಿದರೂ ಹೋಗದು. ಮೊದಲೇ ದುರ್ಬಲವಾಗಿರುವ ಎನಾಮೆಲ್ ಇನ್ನಷ್ಟು ಉದುರುತ್ತದೆ. ಸಂತೆಯ ಪುಡಿಯಲ್ಲಿ ಏನೇನಿದೆ ಎಂಬುದಕ್ಕೆ ಚೀಟಿಯೂ ಇರುವುದಿಲ್ಲ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲಿಯೇ ನಿಷೇಧಿಸಿದ್ದರೂ ಹೆಸರಿಲ್ಲದ ಕರಿ ಪುಡಿಗಳ ವಿಷಯದಲ್ಲಿ ಎಚ್ಚರ ತಪ್ಪುವಂತಿಲ್ಲ.

ಪರಿಹಾರ ಇಲ್ಲವೆಂದಲ್ಲ. ಕಲೆ ಮೇಲುಪದರದಲ್ಲಿದ್ದರೆ ದಂತವೈದ್ಯರು ವಸಡನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ದುರ್ಬಲ ಆಮ್ಲ ಮತ್ತು ನುಣುಪಾದ ಪುಡಿಯ ಮಿಶ್ರಣದಿಂದ ಅತಿ ತೆಳುವಾದ ಪದರವನ್ನು ಅಳತೆಯಲ್ಲಿ ತೆಗೆಯುತ್ತಾರೆ. ಬಿಳಿ ಮಚ್ಚೆಗಳಿಗೆ ರಾಳದಂಥ ದ್ರವವನ್ನು ಇಳಿಸುವ ಚಿಕಿತ್ಸೆ ಇದೆ. ಗಾಢವಾದ, ಗುಳಿ ಬಿದ್ದ ಕಲೆಗಳಿಗೆ ಹಲ್ಲಿನ ಬಣ್ಣದ ಸಿಮೆಂಟಿನ ಲೇಪ ಬೇಕಾಗಬಹುದು. ತುಮಕೂರು, ಬೆಂಗಳೂರಿನ ದಂತವೈದ್ಯಕೀಯ ಕಾಲೇಜುಗಳಲ್ಲಿ ಇವು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ವೆಚ್ಚದಲ್ಲಿ ಆಗುತ್ತವೆ. ಶಾಲೆಯಿಂದ ಪತ್ರ ಬರೆದು ಕೇಳಿದರೆ ಕಾಲೇಜುಗಳ ಸಮುದಾಯ ವಿಭಾಗದವರು ಹಳ್ಳಿಗೇ ಬಂದು ತಪಾಸಣಾ ಶಿಬಿರ ನಡೆಸುವ ರೂಢಿಯೂ ಇದೆ.

ಮನೆಯಲ್ಲಿರುವ ಚಿಕ್ಕ ತಮ್ಮ-ತಂಗಿಯರನ್ನು ಉಳಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ಕೆಲಸ. ಅವರ ಕುಡಿಯುವ ನೀರು, ಅಡುಗೆಯ ನೀರು ಎರಡೂ ಶುದ್ಧ ಕುಡಿಯುವ ನೀರಿನ ಘಟಕದಿಂದ ಬರಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ ಎಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಿ. ಹಾಗೆಂದು ಫ್ಲೋರೈಡ್ ಪೇಸ್ಟಿಗೆ ಹೆದರಬೇಕಾಗಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಹಾಕಿ, ದೊಡ್ಡವರು ಎದುರಿಗೆ ನಿಂತು ಉಗುಳಿಸಿದರೆ ಸಾಕು. ಕಲೆ ಬಿದ್ದ ಹಲ್ಲಿಗೂ ಹುಳುಕು ಹಿಡಿಯುತ್ತದೆ, ಆ ಮಕ್ಕಳಿಗೂ ಪೇಸ್ಟ್ ಬೇಕು.

ಪ್ರಶ್ನೆ: ನನಗೀಗ 68. ಬಾಲ್ಯದಿಂದ ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಸೇರಿಸಿ ಹಲ್ಲುಜ್ಜಿದವನು. ಈಚೆಗೆ ಉಮಿ ಸಿಗುವುದು ಕಷ್ಟವಾದ್ದರಿಂದ ಮಗ ಪೇಟೆಯಿಂದ ಇದ್ದಿಲು ಪೇಸ್ಟ್ ತಂದುಕೊಟ್ಟಿದ್ದಾನೆ. ನನ್ನ ಹಲ್ಲುಗಳ ಬುಡದಲ್ಲಿ ಕಚ್ಚು ಬಿದ್ದಿದೆ, ವಸಡು ಇಳಿದಿದೆ. ಹಳೆಯ ಅಭ್ಯಾಸಕ್ಕೆ ಹತ್ತಿರವಾದ ಈ ಪೇಸ್ಟು ನನಗೆ ಒಗ್ಗೀತೇ? (ಕುಂದಾಪುರ)

ಉತ್ತರ: ಹಿರಿಯರಾದ ನಿಮಗೆ ಬಿಚ್ಚಿ ಹೇಳಿಬಿಡುತ್ತೇನೆ: ಒಗ್ಗುವುದಿಲ್ಲ. ಭತ್ತದ ಉಮಿಯನ್ನು ಸುಟ್ಟಾಗ ಉಳಿಯುವ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಕರಿಯನ್ನು ಎಷ್ಟೇ ನುಣ್ಣಗೆ ಅರೆದರೂ, ಬಟ್ಟೆಯಲ್ಲಿ ಜರಡಿ ಹಿಡಿದರೂ ಆ ಗುಣ ಹೋಗುವುದಿಲ್ಲ. ಅದಕ್ಕೆ ಕಲ್ಲುಪ್ಪಿನ ಹರಳು ಸೇರಿದರೆ ಸವೆತ ಇನ್ನೂ ಬೇಗ. ನಿಮ್ಮ ಹಲ್ಲಿನ ಬುಡದ ಕಚ್ಚಿಗೆ ಅಷ್ಟು ವರ್ಷಗಳ ಆ ಅಭ್ಯಾಸ ಒಂದು ಮುಖ್ಯ ಕಾರಣವಾಗಿರಬಹುದು, ಅಡ್ಡಡ್ಡ ಒತ್ತಿ ಉಜ್ಜುವ ರೂಢಿಯೂ ಕೂಡಿರಬಹುದು.

ವಸಡು ಇಳಿದಾಗ ಹೊರಗೆ ಕಾಣುವುದು ಹಲ್ಲಿನ ಬೇರು. ಬೇರಿಗೆ ಎನಾಮೆಲಿನ ರಕ್ಷಣೆ ಇಲ್ಲ. ಎನಾಮೆಲ್ ತಡೆದುಕೊಳ್ಳುವಷ್ಟು ಸೌಮ್ಯವಾದ ಹುಳಿಗೂ ಅದು ಕರಗತೊಡಗುತ್ತದೆ, ಸಾಮಾನ್ಯ ಪುಡಿಗೂ ಸವೆಯುತ್ತದೆ. ವಯಸ್ಸಾದವರಲ್ಲಿ ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಜೊಲ್ಲು ಕಡಿಮೆಯಾಗಿ ಬೇರಿನ ಹುಳುಕು ಬೇಗ ಹಬ್ಬುತ್ತದೆ. ನಿಮಗೆ ಬೇಕಾದದ್ದು ಮೆದು ಎಳೆಯ ಬ್ರಷ್, ಫ್ಲೋರೈಡ್ ಇರುವ ಬಿಳಿ ಪೇಸ್ಟ್, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಹಗುರವಾಗಿ ಹೊರಳಿಸುವ ಕೈ. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಹತ್ತಾರು ಸಲ ಮುಕ್ಕಳಿಸಬೇಡಿ. ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೇ ಇರಲಿ. ಕಚ್ಚು ಆಳವಾಗಿದ್ದರೆ ಅದಕ್ಕೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿಸಬಹುದು. ನೋವಿಲ್ಲದ, ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ. ಉಮಿಕರಿ ಬಿಟ್ಟ ಮೊದಲ ದಿನಗಳಲ್ಲಿ ಬಾಯಿ ಶುಚಿಯಾದಂತೆ ಅನ್ನಿಸದಿರಬಹುದು. ಕೆಲವೇ ದಿನಗಳಲ್ಲಿ ಅದು ಸರಿಹೋಗುತ್ತದೆ.

ಪ್ರಶ್ನೆ: ನನ್ನ ಮುಂದಿನ ಒಂದು ಹಲ್ಲಿಗೆ ಪಿಂಗಾಣಿ ಕ್ಯಾಪ್ ಹಾಕಿಸಿದ್ದೇನೆ, ಪಕ್ಕದ ಹಲ್ಲಿಗೆ ಸಿಮೆಂಟ್ ತುಂಬಿಸಿದ್ದೇನೆ. ಇದ್ದಿಲು ಪೇಸ್ಟ್ ಬಳಸಿದ ಮೇಲೆ ಸಿಮೆಂಟಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತಿದೆ. ಇದು ಹುಳುಕೇ? (ಮೈಸೂರು)

ಉತ್ತರ: ಹುಳುಕೂ ಇರಬಹುದು, ಇದ್ದಿಲಿನ ಕಣವೂ ಇರಬಹುದು, ಕನ್ನಡಿಯಲ್ಲಿ ನೋಡಿ ಬೇರ್ಪಡಿಸಲಾಗದು. ಸಿಮೆಂಟ್ ಮತ್ತು ಹಲ್ಲು ಕೂಡುವ ಅಂಚಿನಲ್ಲಿ, ಕ್ಯಾಪಿನ ಬುಡದಲ್ಲಿ, ವಸಡು ಮತ್ತು ಹಲ್ಲಿನ ನಡುವಿನ ಸಂದಿನಲ್ಲಿ ಈ ನುಣುಪು ಪುಡಿ ಸೇರಿಕೊಂಡರೆ ಬ್ರಷ್‌ನಿಂದ ಹೊರಬರುವುದಿಲ್ಲ. ದಂತವೈದ್ಯರು ಅಂಚನ್ನು ಪಾಲಿಶ್ ಮಾಡಿ ನೋಡುತ್ತಾರೆ: ಗೆರೆ ಹೋದರೆ ಕಣ, ಉಳಿದರೆ ಅಂಚು ಬಿಟ್ಟಿದೆ ಎಂದರ್ಥ, ಸಿಮೆಂಟ್ ಬದಲಿಸಬೇಕಾದೀತು. ಕ್ಯಾಪಿನ ಹೊಳಪು ಕೂಡ ಒರಟು ಪುಡಿಯಿಂದ ಮಾಸುತ್ತದೆ. ಬಾಯಿಯಲ್ಲಿ ಇಂಥ ಕೆಲಸ ಮಾಡಿಸಿಕೊಂಡವರು ಇದ್ದಿಲನ್ನು ದೂರವಿಡುವುದೇ ಸರಿ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಇದ್ದಿಲು ಔಷಧಿಯನ್ನು ಹೀರುತ್ತದೆ ಎಂದು ಓದಿದೆ. ಉಜ್ಜುವಾಗ ಸ್ವಲ್ಪ ಪೇಸ್ಟ್ ಹೊಟ್ಟೆಗೆ ಹೋದರೆ ಮಾತ್ರೆ ಕೆಲಸ ಮಾಡದೆ ಹೋಗುವುದೇ? (ಹುಬ್ಬಳ್ಳಿ)

ಉತ್ತರ: ಅಷ್ಟಕ್ಕೆ ಹೆದರಬೇಡಿ. ವಿಷ ಸೇವಿಸಿದ ವಯಸ್ಕರಿಗೆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 50 ಗ್ರಾಂನಷ್ಟು ಇದ್ದಿಲು ಕುಡಿಸುತ್ತಾರೆ. ಬಟಾಣಿಕಾಳಿನಷ್ಟು ಪೇಸ್ಟೇ ಕಾಲು ಗ್ರಾಂ, ಅದರಲ್ಲಿ ಇದ್ದಿಲು ಒಂದು ಸಣ್ಣ ಪಾಲು, ಅದರಲ್ಲೂ ಬಹುಪಾಲು ನೀವು ಉಗುಳುತ್ತೀರಿ. ಆದರೆ ದೇಹದ ಕಲ್ಮಶ ತೆಗೆಯುತ್ತದೆ ಎಂದು ಮಾರುವ ಇದ್ದಿಲು ಕ್ಯಾಪ್ಸೂಲು, ಕಪ್ಪು ಪಾನೀಯಗಳ ಮಾತು ಬೇರೆ. ಅವು ಥೈರಾಯ್ಡ್ ಮಾತ್ರೆ, ಗರ್ಭನಿರೋಧಕ ಮಾತ್ರೆ ಮೊದಲಾದವುಗಳು ರಕ್ತಕ್ಕೆ ಸೇರುವುದನ್ನು ನಿಜವಾಗಿಯೂ ತಡೆಯಬಲ್ಲವು.

ಪ್ರಶ್ನೆ: ದಿನಕ್ಕೆ ನಾಲ್ಕೈದು ಕಾಫಿ ಕುಡಿಯುವವನು ನಾನು. ಇದ್ದಿಲು ಬೇಡ, ನಿಂಬೆರಸ-ಅಡುಗೆ ಸೋಡಾ ಬೇಡ ಎಂದರೆ ಹಲ್ಲು ಬಿಳುಪಾಗಲು ಸುರಕ್ಷಿತವಾದದ್ದು ಯಾವುದು? ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. (ಬೆಂಗಳೂರು)

ಉತ್ತರ: ನಿಂಬೆರಸವನ್ನು ನೀವೇ ಕೈಬಿಟ್ಟಿರುವುದು ಒಳ್ಳೆಯದಾಯಿತು, ಅದು ಇದ್ದಿಲಿಗಿಂತಲೂ ಬೇಗ ಹಾಳುಮಾಡುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಅಂಕ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಬಾಯಿಯಲ್ಲಿ ಅದು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ ಎರಡರಿಂದ ಎರಡೂವರೆ.

ಕ್ಲೀನಿಂಗ್ ವಿಷಯದ ಭಯವನ್ನು ನಾನು ಪ್ರತಿದಿನವೂ ಕೇಳುತ್ತೇನೆ, ಅದು ಎಲ್ಲಿಂದ ಬಂತೆಂದೂ ಗೊತ್ತು. ಹಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಕಟ್ಟಿದ ಕೊಳೆಯ ಗಾರೆ ವಸಡನ್ನು ಕೆಳಗೆ ತಳ್ಳಿ, ಹಲ್ಲು ಹಿಡಿದಿರುವ ಎಲುಬನ್ನು ಕರಗಿಸಿರುತ್ತದೆ. ಅದನ್ನು ತೆಗೆದಾಗ ನಾಲಿಗೆಗೆ ಸಂದಿ ತಾಗುತ್ತದೆ, ಗಾರೆಯೇ ಹಿಡಿದಿಟ್ಟಿದ್ದ ಹಲ್ಲು ಅಲುಗಿದಂತೆ ತೋರುತ್ತದೆ. ಹಲ್ಲನ್ನು ಸಡಿಲಿಸಿದ್ದು ಗಾರೆ. ತೆಗೆದ ಮೇಲೆ ಎಷ್ಟೋ ಹಲ್ಲುಗಳ ವಸಡು ಬಿಗಿಯಾಗುತ್ತದೆ. ಕಾಫಿ, ಎಲೆ-ಅಡಿಕೆ, ಸಿಗರೇಟಿನ ಕಲೆ ಬಹುಮಟ್ಟಿಗೆ ಕ್ಲೀನಿಂಗ್ ಮತ್ತು ಪಾಲಿಶ್‌ನಲ್ಲೇ ಹೋಗುತ್ತದೆ. ನಿಮ್ಮಂಥವರಿಗೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ, ಮೊದಲು ಅದನ್ನು ಮಾಡಿಸಿ ಕನ್ನಡಿ ನೋಡಿಕೊಳ್ಳಿ.

ಅದರ ಮೇಲೂ ಬಿಳುಪು ಬೇಕೆನಿಸಿದರೆ ಬ್ಲೀಚಿಂಗ್ ಇದೆ. ಹಲ್ಲಿನ ಒಳಬಣ್ಣವನ್ನು ಬದಲಿಸುವ ಶಕ್ತಿ ಇರುವುದು ಪೆರಾಕ್ಸೈಡಿಗೆ; ಅದು ಎನಾಮೆಲಿನೊಳಕ್ಕೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿದ ತೆಳು ತಟ್ಟೆಯಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿಕೊಂಡು ರಾತ್ರಿ ಮಲಗುವ ಪದ್ಧತಿ 1989ರಿಂದ ಬಳಕೆಯಲ್ಲಿದೆ, ಹೆಚ್ಚು ಅಧ್ಯಯನವಾಗಿರುವುದೂ ಅದೇ. ಕೆಲವು ದಿನ ಹಲ್ಲು ಜುಮ್ ಎನ್ನಬಹುದು, ವಸಡು ಉರಿಯಬಹುದು; ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಯೂರೋಪಿನಲ್ಲಿ ಶೇಕಡ 0.1ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪಿನ ಸಾಮಗ್ರಿಯನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ಶೇಕಡ 6ರವರೆಗಿನದನ್ನು ದಂತವೈದ್ಯರ ಮೂಲಕವೇ, 18 ವರ್ಷ ತುಂಬಿದವರಿಗೆ ಮಾತ್ರ ಕೊಡಬೇಕು. ವಿದೇಶದಲ್ಲಿರುವ ನಂಟರು ತಂದುಕೊಟ್ಟ, ಹಲ್ಲು ಬಿಳುಪಿಸುವ ಪಟ್ಟಿಗಳನ್ನು ಬಾಯಿ ತೋರಿಸದೆ ಅಂಟಿಸಿಕೊಳ್ಳುವ ಮೊದಲು ಇದನ್ನು ನೆನಪಿಡಿ: ತೆರೆದ ಹುಳುಕಿನೊಳಗೆ ಆ ರಾಸಾಯನಿಕ ಇಳಿದರೆ ನೋವು ತಡೆಯಲಾಗದು. ಬಸುರಿಯರು, ಹಾಲೂಡಿಸುವ ತಾಯಂದಿರು ಬ್ಲೀಚಿಂಗನ್ನು ಮುಂದೂಡಬೇಕು. ಬಿದ್ದು ಪೆಟ್ಟಾಗಿ ಒಂದೇ ಹಲ್ಲು ಕಪ್ಪಾಗಿದ್ದರೆ ಅದರ ನರ ಸತ್ತಿರುವ ಸಾಧ್ಯತೆ ಇರುವುದರಿಂದ ಮೊದಲು ಎಕ್ಸ್-ರೇ ಆಗಬೇಕು. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಔಷಧಿಯಿಂದ ಬಂದ ಬೂದು ಪಟ್ಟೆಗೆ ಬ್ಲೀಚಿಂಗ್ ತಿಂಗಳುಗಟ್ಟಲೆ ಬೇಕಾಗುತ್ತದೆ, ಪೂರ್ತಿ ಹೋಗುವ ಭರವಸೆಯಿಲ್ಲ.

ಬ್ಲೀಚಿಂಗ್‌ನ ಬಿಳುಪು ಶಾಶ್ವತವಲ್ಲ, ಕಾಫಿ ಕುಡಿಯುವವರಲ್ಲಿ ಬೇಗ ಇಳಿಯುತ್ತದೆ. ಕ್ಯಾಪ್, ಸಿಮೆಂಟ್‌ಗಳ ಬಣ್ಣ ಅದರಿಂದ ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಹಲ್ಲಿನ ಹಳೆಯ ಸಿಮೆಂಟನ್ನು ಬದಲಿಸುವ ಯೋಚನೆ ನಿಮಗಿದ್ದರೆ ಮೊದಲು ಬ್ಲೀಚಿಂಗ್ ಮುಗಿಸಿ, ಬಣ್ಣ ನೆಲೆಗೊಳ್ಳಲು ಎರಡು ವಾರ ಬಿಟ್ಟು, ಆಮೇಲೆ ಹೊಸ ಬಣ್ಣಕ್ಕೆ ಹೊಂದುವ ಸಿಮೆಂಟ್ ಹಾಕಿಸಿಕೊಳ್ಳಿ.